ಎರಡು ಸರ್ವರ್, ನಲವತ್ತು ಜನ: ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಆಫೀಸ್ ಹಾಕುವ ಕ್ರಮ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಒಂದು ಆಡಿಟರ್ ಆಫೀಸಿನಿಂದ ಫೋನ್ ಬಂತು. "ಸಾರ್, ಎಕ್ಸೆಲ್ ಒತ್ತಿದ್ರೆ ಏನೋ ಮೆಸೇಜ್ ಬರುತ್ತೆ, ಓಕೆ ಅಂದ್ರೆ ಮುಚ್ಕೊಂಡು ಹೋಗುತ್ತೆ. ಶನಿವಾರ ಚೆನ್ನಾಗೇ ಇತ್ತು." ಹೋಗಿ ನೋಡಿದೆ. ಈ ಮೈಕ್ರೋಸಾಫ್ಟ್ ಆಫೀಸ್ ಕಾಪಿಯನ್ನು ಟರ್ಮಿನಲ್ ಸರ್ವಿಸಸ್ (ರಿಮೋಟ್ ಡೆಸ್ಕ್‌ಟಾಪ್‌ನ ಹಳೆಯ ಹೆಸರು) ಇರುವ ಕಂಪ್ಯೂಟರ್‌ನಲ್ಲಿ ಬಳಸಲು ಬರುವುದಿಲ್ಲ ಅಂತ ಇಂಗ್ಲಿಷ್‌ನಲ್ಲಿ ಒಂದು ಸಾಲು, ಕೆಳಗೆ ಒಂದು ಓಕೆ ಬಟನ್. ಅಷ್ಟೇ.

ನಡೆದದ್ದು ಹೀಗೆ. ಸರ್ವರ್ ತಂದುಕೊಟ್ಟವರು ಮೊದಲು ಆಫೀಸ್ ಹಾಕಿದ್ದಾರೆ. ಶನಿವಾರ ಇಬ್ಬರು ಕೂತು ವರ್ಡ್, ಎಕ್ಸೆಲ್ ತೆರೆದು ನೋಡಿದ್ದಾರೆ, ಓಡಿದೆ. ಭಾನುವಾರ ಅದೇ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ರೋಲ್, ಅಂದರೆ ಹಲವರು ತಮ್ಮ ತಮ್ಮ ಪಿಸಿಯಿಂದ ಬಂದು ಒಂದೇ ಸರ್ವರ್ ಮೇಲೆ ಕೆಲಸ ಮಾಡುವ ವ್ಯವಸ್ಥೆ, ಸೇರಿಸಿ ಮನೆಗೆ ಹೋಗಿದ್ದಾರೆ. ಈ ರೋಲ್ ಇಲ್ಲದ ವಿಂಡೋಸ್ ಸರ್ವರ್‌ಗೆ ಒಂದು ಸಲಕ್ಕೆ ಇಬ್ಬರು ಮಾತ್ರ ರಿಮೋಟ್ ಆಗಿ ಬರಬಹುದು, ಅದೂ ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ. ಅಲ್ಲಿವರೆಗೆ ಆಫೀಸ್ ಅದನ್ನು ಮಾಮೂಲಿ ಪಿಸಿ ಅಂತಲೇ ನೋಡುತ್ತದೆ. ರೋಲ್ ಸೇರಿದ ಕೂಡಲೇ ಇದು ಹತ್ತಾರು ಜನ ಹಂಚಿಕೊಳ್ಳುವ ಮೆಷಿನ್ ಅಂತ ಅದಕ್ಕೆ ಗೊತ್ತಾಗುತ್ತದೆ, ಲೈಸೆನ್ಸ್ ಕೇಳುವ ರೀತಿಯೇ ಬದಲಾಗುತ್ತದೆ.

ಈ ಕೆಲಸದಲ್ಲಿ ಇನ್‌ಸ್ಟಾಲ್ ಅನ್ನೋದು ತೀರಾ ಚಿಕ್ಕ ಭಾಗ, ಎರಡು ಕಮಾಂಡ್ ಸಾಕು. ತಲೆನೋವೆಲ್ಲ ಇರುವುದು ಅದಕ್ಕೆ ಮುಂಚೆ ಲೈಸೆನ್ಸ್ ಆರಿಸುವಾಗ, ಮತ್ತೆ ಅದಾದ ಮೇಲೆ ಪ್ರತಿಯೊಬ್ಬರ ಪ್ರೊಫೈಲ್ (ಅವರವರ ಡೆಸ್ಕ್‌ಟಾಪ್, ಫೈಲ್, ಸೆಟ್ಟಿಂಗ್ ಎಲ್ಲ) ಎಲ್ಲಿ ಇಡುತ್ತೀರಿ ಅನ್ನುವಲ್ಲಿ. ಅದಕ್ಕೇ ಆ ಎರಡರ ಬಗ್ಗೆ ಜಾಸ್ತಿ ಬರೆದಿದ್ದೇನೆ. ಕಮಾಂಡ್‌ಗಳನ್ನೂ ಸೆಟ್ಟಿಂಗ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನಲ್ಲಿ ಮಾಡಿಕೊಳ್ಳಿ.

ಮೊದಲು ಲೈಸೆನ್ಸ್. ಇದು ಸರಿ ಇಲ್ಲದಿದ್ದರೆ ಮುಂದೆ ಓದಬೇಡಿ

ಜನ ಒಂದೇ ಅಂದುಕೊಳ್ಳುತ್ತಾರೆ, ಆದರೆ ಇಲ್ಲಿ ಮೂರು ಬೇರೆ ಬೇರೆ ಲೈಸೆನ್ಸ್ ಬೇಕು.

ಒಂದು, ವಿಂಡೋಸ್ ಸರ್ವರ್ ಕ್ಯಾಲ್ (ಕ್ಲೈಂಟ್ ಆಕ್ಸೆಸ್ ಲೈಸೆನ್ಸ್, ಅಂದರೆ ಸರ್ವರ್ ಬಳಸುವ ಹಕ್ಕು). ಇದು ಸಾಮಾನ್ಯವಾಗಿ ಸರ್ವರ್ ಜೊತೆಗೇ ಬಿಲ್‌ನಲ್ಲಿ ಬಂದಿರುತ್ತದೆ. ಎರಡು, ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಕ್ಯಾಲ್, ಅಂದರೆ ಸರ್ವರ್ ಮೇಲೆ ಡೆಸ್ಕ್‌ಟಾಪ್ ಸೆಷನ್ ತೆರೆಯುವ ಹಕ್ಕು. ಇದನ್ನು ಜನಕ್ಕೊಂದು ಅಂತಲೂ ಕೊಳ್ಳಬಹುದು, ಮೆಷಿನ್‌ಗೊಂದು ಅಂತಲೂ ಕೊಳ್ಳಬಹುದು. ಒಬ್ಬರೇ ಆಫೀಸಿನ ಪಿಸಿಯಿಂದಲೂ ಮನೆಯ ಲ್ಯಾಪ್‌ಟಾಪ್‌ನಿಂದಲೂ ಬರುತ್ತಾರೆ ಅಂದರೆ ಜನಕ್ಕೊಂದು ತಗೊಳ್ಳಿ. ಒಂದೇ ಪಿಸಿ ಮುಂದೆ ಮೂರು ಶಿಫ್ಟಿನವರು ಕೂರುತ್ತಾರೆ ಅಂದರೆ ಮೆಷಿನ್‌ಗೊಂದು ಲಾಭ. ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದೆ ವರ್ಕ್‌ಗ್ರೂಪ್‌ನಲ್ಲೇ ನಡೆಸುತ್ತಿದ್ದರೆ ಮೆಷಿನ್ ಲೆಕ್ಕದ್ದೇ ತಗೊಳ್ಳಬೇಕು. ರೋಲ್ ಹಾಕಿದ ಮೇಲೆ 120 ದಿನ ಕ್ಯಾಲ್ ಇಲ್ಲದೆಯೂ ಓಡುತ್ತದೆ. ಈ 120 ದಿನವೇ ಅಪಾಯ. ಎಲ್ಲ ಸರಿಯಾಗಿದೆ ಅಂತ ಮರೆತುಬಿಡುತ್ತೀರಿ, ನಾಲ್ಕು ತಿಂಗಳಾದ ಮೇಲೆ ಒಂದು ದಿನ ಯಾರಿಗೂ ಒಳಗೆ ಹೋಗಲು ಆಗುವುದಿಲ್ಲ, ಅದು ಖಂಡಿತ ರಿಟರ್ನ್ಸ್ ಫೈಲ್ ಮಾಡುವ ಕೊನೇ ದಿನವೇ ಆಗಿರುತ್ತದೆ.

ಮೂರನೆಯದು ಆಫೀಸ್‌ನದು. ಮೇಲಿನ ಎರಡಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಂಚಿಕೊಳ್ಳುವ ಸರ್ವರ್‌ನಲ್ಲಿ ಆಫೀಸ್ ಓಡಬೇಕಾದರೆ ನಿಮ್ಮ ಪ್ಲಾನ್‌ನಲ್ಲಿ ಶೇರ್ಡ್ ಕಂಪ್ಯೂಟರ್ ಆಕ್ಟಿವೇಶನ್ ಅನ್ನುವ ಸೌಲಭ್ಯ ಇರಬೇಕು. ಮೈಕ್ರೋಸಾಫ್ಟ್ 365ರ ಬಿಸಿನೆಸ್ ಪ್ಲಾನ್‌ಗಳಲ್ಲಿ ಇದು ಇರುವುದು ಬಿಸಿನೆಸ್ ಪ್ರೀಮಿಯಂನಲ್ಲಿ ಮಾತ್ರ. ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿ ಇಲ್ಲ, ಬರೀ ಆಪ್ಸ್ ಫಾರ್ ಬಿಸಿನೆಸ್ ಅಂತ ಕೊಂಡದ್ದರಲ್ಲೂ ಇಲ್ಲ. ದೊಡ್ಡ ಪ್ಲಾನ್‌ಗಳಲ್ಲಿ, ಅಂದರೆ ಆಪ್ಸ್ ಫಾರ್ ಎಂಟರ್‌ಪ್ರೈಸ್, ಇ3, ಇ5 ಇವುಗಳಲ್ಲಿ ಇದೆ. ಬಿಸಿನೆಸ್ ಪ್ಲಾನ್‌ಗಳಿಗೆ 300 ಜನರ ಮಿತಿ ಇದೆ, ಅದನ್ನೂ ನೋಡಿಕೊಳ್ಳಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಹೋಮ್ ಅಂಡ್ ಬಿಸಿನೆಸ್ ಇಲ್ಲಿಗೆ ಆಗುವುದಿಲ್ಲ. ಐನೂರು ರೂಪಾಯಿಗೆ ವಾಟ್ಸಾಪ್‌ನಲ್ಲಿ ಕೀ ಕಳಿಸುವವರ ಕಥೆ ಬಿಡಿ.

ನನ್ನ ಆಡಿಟರ್ ಆಫೀಸಿನ ಕಥೆಯಲ್ಲೂ ಇದೇ ಆಗಿತ್ತು. ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಇಡುವ ಜಾಗದಲ್ಲಿ, ಒಂದು ಸೆಟ್ಟಿಂಗ್ ಬದಲಾಯಿಸಿದರೆ ಅರ್ಧ ಗಂಟೆಯಲ್ಲಿ ಬಿಡಿಸಬಹುದು ಅಂದುಕೊಂಡು ಹೋದೆ. ಅಡ್ಮಿನ್ ಪೋರ್ಟಲ್ ತೆಗೆದು ನೋಡಿದರೆ ಎಲ್ಲರಿಗೂ ಬಿಸಿನೆಸ್ ಸ್ಟ್ಯಾಂಡರ್ಡ್. ಈಗ ಸೆಟ್ಟಿಂಗ್ ಬದಲಾಯಿಸಿದರೂ ಸೈನ್ ಇನ್ ಆದ ಮೇಲೆ, ನಿಮ್ಮ ಅಕೌಂಟಿನಲ್ಲಿರುವ ಪ್ರಾಡಕ್ಟ್ ಹಂಚಿಕೊಳ್ಳುವ ಕಂಪ್ಯೂಟರ್‌ಗೆ ನಡೆಯಲ್ಲ ಅಂತ ಇನ್ನೊಂದು ಮೆಸೇಜ್ ಬರುತ್ತದೆ ಅಷ್ಟೇ. ಪ್ಲಾನ್ ಬದಲಾಯಿಸಲೇಬೇಕಾಯಿತು, ಸಾಹೇಬ್ರ ಮುಖ ನೋಡುವ ಹಾಗಿರಲಿಲ್ಲ.

ತಿಂಗಳ ಬಾಡಿಗೆ ಬೇಡ ಅನ್ನುವವರಿಗೆ ಆಫೀಸ್ ಎಲ್‌ಟಿಎಸ್‌ಸಿ 2024 ಇದೆ. ಅದು ವಾಲ್ಯೂಮ್ ಲೈಸೆನ್ಸ್ (ಕಂಪನಿಗಳು ಒಟ್ಟಾಗಿ ಕೊಳ್ಳುವಂಥದ್ದು), ಸಪೋರ್ಟ್ ಅಕ್ಟೋಬರ್ 2029ರವರೆಗೆ. ಇದರಲ್ಲಿ ಒಂದು ತಪ್ಪು ಕಲ್ಪನೆ ಎಲ್ಲ ಕಡೆ ಇದೆ: ಹಾಕುವುದು ಒಂದೇ ಸರ್ವರ್‌ನಲ್ಲಿ ತಾನೇ, ಒಂದು ಲೈಸೆನ್ಸ್ ಸಾಕಲ್ವಾ ಅಂತ. ಸಾಲದು. ಆ ಸರ್ವರ್‌ನ ಆಫೀಸನ್ನು ಬಳಸಲು ಬರುವ ಪ್ರತಿ ಪಿಸಿಗೂ ಒಂದೊಂದು ಬೇಕು. ನಲವತ್ತು ಪಿಸಿ ಅಂದರೆ ನಲವತ್ತು.

ಇನ್ನೊಂದು ದಾರಿಯನ್ನೂ ಹೇಳಿಬಿಡುತ್ತೇನೆ. ನಲವತ್ತರಲ್ಲಿ ಮೂವತ್ತು ಜನ ಬರೀ ಪತ್ರ ಬರೆಯುತ್ತಾರೆ, ಚಿಕ್ಕ ಲೆಕ್ಕದ ಪಟ್ಟಿ ಮಾಡುತ್ತಾರೆ ಅಂದರೆ ಅವರಿಗೆ ಲಿಬ್ರೆಆಫೀಸ್ ಸಾಕು. ಸರ್ವರ್‌ನಲ್ಲಿ ಒಂದು ಸಲ ಹಾಕಿದರೆ ಎಲ್ಲರಿಗೂ ಬರುತ್ತದೆ, ಆಕ್ಟಿವೇಶನ್ ಅನ್ನುವ ಮಾತೇ ಇಲ್ಲ. ಎಕ್ಸೆಲ್ ಮ್ಯಾಕ್ರೋ ಮೇಲೆ ನಿಮ್ಮ ಆಫೀಸಿನ ಕೆಲಸ ನಿಂತಿದ್ದರೆ ಮಾತ್ರ ಇದನ್ನು ನೆಚ್ಚಬೇಡಿ.

ಸರ್ವರ್ ಹೇಗಿರಬೇಕು

ಇದನ್ನು ಚಿಕ್ಕದಾಗಿ ಮುಗಿಸುತ್ತೇನೆ. ವಿಂಡೋಸ್ ಸರ್ವರ್ 2016 ಮತ್ತು 2019ರ ಮೇಲೆ ಮೈಕ್ರೋಸಾಫ್ಟ್ 365 ಆಪ್‌ಗಳ ಸಪೋರ್ಟ್ ಅಕ್ಟೋಬರ್ 2025ಕ್ಕೆ ಮುಗಿಯಿತು. 2022ರ ಮೇಲೆ ಅಕ್ಟೋಬರ್ 2026ರವರೆಗೆ ಮಾತ್ರ. ಹಾಗಾಗಿ ಹೊಸದಾಗಿ ಹಾಕುವುದಾದರೆ ಸರ್ವರ್ 2025ನ್ನೇ ಹಾಕಿ.

ಮೆಮೊರಿಗೆ ನನ್ನ ಲೆಕ್ಕ ತಲೆಗೆ 2 ಜಿಬಿ, ಅದರ ಮೇಲೆ ಸರ್ವರ್‌ಗೆ ಅಂತ 8 ಜಿಬಿ. ಎಕ್ಸೆಲ್, ಔಟ್‌ಲುಕ್, ಜೊತೆಗೆ ಕ್ರೋಮ್‌ನಲ್ಲಿ ಹತ್ತು ಟ್ಯಾಬ್ ಇಟ್ಟುಕೊಳ್ಳುವವರನ್ನು ನೋಡಿ ಹಾಕಿದ ಲೆಕ್ಕ ಇದು. ನಿಜ ಹೇಳಬೇಕು ಅಂದರೆ ಆಫೀಸ್‌ಗಿಂತ ಕ್ರೋಮೇ ಜಾಸ್ತಿ ತಿನ್ನುತ್ತದೆ. ಡೊಮೇನ್ ಕಂಟ್ರೋಲರ್ ಮೇಲೆ ಸೆಷನ್ ಹೋಸ್ಟ್ ರೋಲ್ ಹಾಕಬೇಡಿ. ದುಡ್ಡು ಉಳಿಯುತ್ತದೆ ಅಂತ ಮಾಡುವವರಿದ್ದಾರೆ, ಇಡೀ ಆಫೀಸಿನ ಬೀಗದ ಕೈ ಇರುವ ಮೆಷಿನ್ ಮೇಲೆ ನಲವತ್ತು ಜನ ಇಂಟರ್ನೆಟ್ ನೋಡಿಕೊಂಡು ಕೂರುವುದು ಸರಿಯಲ್ಲ. ಹಾಗೇ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಡಬೇಡಿ. ಮನೆಯಿಂದ ಬರುವವರಿಗೆ ವಿಪಿಎನ್ ಕೊಡಿ, ಇಲ್ಲವೇ ಆರ್‌ಡಿ ಗೇಟ್‌ವೇ (ಹೊರಗಿಂದ ಬರುವವರಿಗೆ ಸುರಕ್ಷಿತ ಬಾಗಿಲು) ಇಟ್ಟು 443 ಪೋರ್ಟ್‌ನಿಂದ ಒಳಗೆ ಬಿಡಿ.

ಮತ್ತೆ ಕ್ರಮ ಮರೆಯಬೇಡಿ: ಮೊದಲು ಸೆಷನ್ ಹೋಸ್ಟ್ ರೋಲ್, ರೀಸ್ಟಾರ್ಟ್, ಆಮೇಲೆ ಆಫೀಸ್.

ಕಾನ್ಫಿಗರೇಶನ್ ಫೈಲ್ ಮಾಡಿಕೊಳ್ಳುವುದು

ಪೋರ್ಟಲ್‌ಗೆ ಹೋಗಿ ಇನ್‌ಸ್ಟಾಲ್ ಆಪ್ಸ್ ಅಂತ ಒತ್ತಿ ಹಾಕುವುದು ಮನೆಯ ಪಿಸಿಗೆ. ಸರ್ವರ್‌ಗೆ ಬೇಕಾದದ್ದು ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್. ಮೈಕ್ರೋಸಾಫ್ಟ್ ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಡೌನ್‌ಲೋಡ್ ಮಾಡಿ ಬಿಚ್ಚಿದರೆ ಸೆಟಪ್ ಅನ್ನುವ ಒಂದು ಪ್ರೋಗ್ರಾಂ, ಜೊತೆಗೆ ಮಾದರಿಗೆ ಅಂತ ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ, ಏನೇನು ಹೇಗೆ ಹಾಕಬೇಕು ಅಂತ ಬರೆದಿಡುವ ಕಾನ್ಫಿಗರೇಶನ್ ಫೈಲ್ ಅದೇ. ಮಾದರಿ ಫೈಲ್ ಬಿಟ್ಟುಬಿಡಿ. ನಿಮ್ಮದನ್ನು ಕೈಯಲ್ಲಿ ಬರೆಯುವುದೂ ಬೇಡ. ಕಾನ್ಫಿಗ್ ಡಾಟ್ ಆಫೀಸ್ ಡಾಟ್ ಕಾಮ್‌ಗೆ ಹೋದರೆ ಆರಿಸುತ್ತಾ ಹೋಗಿ ಫೈಲ್ ಮಾಡಿಕೊಳ್ಳಬಹುದು.

ಅಲ್ಲಿ ಏನೇನು ಆರಿಸಬೇಕು ಅಂದರೆ, ಮೊದಲು 64 ಬಿಟ್. ಯಾವುದೋ ಹಳೆಯ ಆಡ್-ಇನ್ 32 ಬಿಟ್‌ನಲ್ಲಿ ಮಾತ್ರ ಓಡುತ್ತದೆ ಅನ್ನುವುದಿದ್ದರೆ 32 ಹಾಕಿ, ಇಲ್ಲದಿದ್ದರೆ ಬೇಡ. ಒಂದೇ ಸರ್ವರ್‌ನಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ, ಹಾಗಾಗಿ ಅಕೌಂಟ್ಸ್‌ನವರನ್ನು ಮೊದಲೇ ಕೇಳಿ. ಪ್ರಾಡಕ್ಟ್ ಆರಿಸುವಾಗ ಬಿಸಿನೆಸ್ ಪ್ರೀಮಿಯಂ ಇರುವವರು ಆಪ್ಸ್ ಫಾರ್ ಬಿಸಿನೆಸ್, ಇ3, ಇ5 ಇರುವವರು ಆಪ್ಸ್ ಫಾರ್ ಎಂಟರ್‌ಪ್ರೈಸ್. ಅಪ್‌ಡೇಟ್ ಚಾನೆಲ್ ಅಂತ ಕೇಳಿದಾಗ ಮಂಥ್ಲಿ ಎಂಟರ್‌ಪ್ರೈಸ್ ಚಾನೆಲ್ ಕೊಡಿ. ಇದರಲ್ಲಿ ಹೊಸ ವರ್ಷನ್ ತಿಂಗಳಿಗೊಂದು ಸಲ ಗೊತ್ತಾದ ದಿನಕ್ಕೆ, ಎರಡನೇ ಮಂಗಳವಾರ ಬರುತ್ತದೆ. ಕರೆಂಟ್ ಚಾನೆಲ್ ಕೊಟ್ಟರೆ ಯಾವಾಗ ಯಾವ ಬಟನ್ ಎಲ್ಲಿಗೆ ಹೋಗುತ್ತದೋ ಹೇಳಲಾಗದು, ನಲವತ್ತು ಜನ ಒಟ್ಟಿಗೆ ಕೇಳುತ್ತಾರೆ.

ಬೇಡದ ಆಪ್‌ಗಳನ್ನು ಆಫ್ ಮಾಡಿ. ಸ್ಕೈಪ್ ಫಾರ್ ಬಿಸಿನೆಸ್ ಬೇಡ, ಹಳೆಯ ಒನ್‌ಡ್ರೈವ್ ಗ್ರೂವ್ ಬೇಡ. ಟೀಮ್ಸ್ ಕೂಡ ತೆಗೆಯಿರಿ. ಸರ್ವರ್ ಒಳಗಿಂದ ವಿಡಿಯೋ ಕಾಲ್ ಮಾಡಿದರೆ ಒಬ್ಬರ ಮುಖ ನೋಡುವುದಕ್ಕೆ ಉಳಿದವರೆಲ್ಲರ ಎಕ್ಸೆಲ್ ನಿಧಾನ ಆಗುತ್ತದೆ. ಟೀಮ್ಸ್ ಅವರವರ ಪಿಸಿಯಲ್ಲೇ ಇರಲಿ. ಒನ್‌ಡ್ರೈವ್ ಬೇಕೇಬೇಕು ಅಂದರೆ ಅದನ್ನು ಬೇರೆಯಾಗಿ, ಎಲ್ಲ ಬಳಕೆದಾರರಿಗೂ ಒಂದೇ ಅನ್ನುವ ಆಲ್ ಯೂಸರ್ಸ್ ಸ್ವಿಚ್ ಕೊಟ್ಟು ಹಾಕಬೇಕು, ಇಲ್ಲದಿದ್ದರೆ ಒಬ್ಬೊಬ್ಬರ ಪ್ರೊಫೈಲ್ ಒಳಗೂ ಒಂದೊಂದು ಕಾಪಿ ಕೂರುತ್ತದೆ.

ಭಾಷೆಯಲ್ಲಿ ಇಂಗ್ಲಿಷ್ ಮೊದಲು, ಕನ್ನಡ ಎರಡನೆಯದು. ಕನ್ನಡದ್ದು ಪೂರ್ತಿ ಪ್ಯಾಕ್ ಅಲ್ಲ, ಭಾಗಶಃ ಪ್ಯಾಕ್. ಅದರ ಕೆಳಗೆ ಒಂದು ಪೂರ್ತಿ ಭಾಷೆ ಇರಲೇಬೇಕು, ಅದಕ್ಕೇ ಈ ಕ್ರಮ.

ಈಗ ಮುಖ್ಯವಾದದ್ದು. ಲೈಸೆನ್ಸಿಂಗ್ ಅಂಡ್ ಆಕ್ಟಿವೇಶನ್ ಅನ್ನುವ ಕಡೆ ಶೇರ್ಡ್ ಕಂಪ್ಯೂಟರ್ ಅನ್ನುವುದನ್ನು ಆರಿಸಿ. ಅಲ್ಲೇ ಒಪ್ಪಂದವನ್ನು ತಾನಾಗಿ ಒಪ್ಪಿಕೊಳ್ಳುವ ಆಯ್ಕೆ ಇದೆ, ಆನ್ ಮಾಡಿ. ಇಲ್ಲದಿದ್ದರೆ ಎಲ್ಲರಿಗೂ ಒಂದೊಂದು ಸಲ ಕೇಳುತ್ತದೆ. ಆಟೋಮ್ಯಾಟಿಕ್ ಅಪ್‌ಡೇಟ್ ಆಫ್ ಮಾಡಿ, ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಸರ್ವರ್‌ನಲ್ಲಿ 2010 ಅಥವಾ 2016ರ ಹಳೆಯ ಎಂಎಸ್‌ಐ (ಹಿಂದಿನ ರೀತಿಯ ಇನ್‌ಸ್ಟಾಲರ್) ಆಫೀಸ್ ಕೂತಿದ್ದರೆ ಅದನ್ನು ತೆಗೆಯುವ ಆಯ್ಕೆಯನ್ನೂ ಕೊಡಿ.

ಎಕ್ಸ್‌ಪೋರ್ಟ್ ಮಾಡಿದ ಮೇಲೆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದು ಸಾಲು ಕಣ್ಣಾರೆ ನೋಡಿ: ಶೇರ್ಡ್‌ಕಂಪ್ಯೂಟರ್‌ಲೈಸೆನ್ಸಿಂಗ್, ಅದರ ಮುಂದೆ ವ್ಯಾಲ್ಯೂ 1. ಸೊನ್ನೆ ಇದ್ದರೆ ಮತ್ತೆ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಬರುತ್ತದೆ.

ಇನ್‌ಸ್ಟಾಲ್

ಎಲ್ಲರನ್ನೂ ಲಾಗ್ ಆಫ್ ಮಾಡಿಸಿ. ಸೆಟಪ್ ಮತ್ತು ಎಕ್ಸ್‌ಎಂಎಲ್ ಎರಡನ್ನೂ ಒಂದು ಫೋಲ್ಡರ್‌ನಲ್ಲಿಡಿ. ಎರಡೂ ಸರ್ವರ್‌ಗೆ ಕಾಣುವ ನೆಟ್‌ವರ್ಕ್ ಶೇರ್ ಆದರೆ ಒಳ್ಳೆಯದು, ಎರಡು ಸಲ ಡೌನ್‌ಲೋಡ್ ತಪ್ಪುತ್ತದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಆ ಫೋಲ್ಡರ್‌ಗೆ ಹೋಗಿ.

ಮೊದಲು: ಚೇಂಜ್ ಯೂಸರ್, ಸ್ಪೇಸ್, ಸ್ಲ್ಯಾಶ್ ಇನ್‌ಸ್ಟಾಲ್. ಸರ್ವರ್ ಇನ್‌ಸ್ಟಾಲ್ ಮೋಡ್‌ಗೆ ಹೋಗುತ್ತದೆ. ಈಗಿನ ಆಫೀಸ್‌ಗೆ ಇದು ಬೇಕೇ ಬೇಡವೇ ಅಂತ ವಾದ ಇದೆ, ನಾನು ಹಳೆ ಅಭ್ಯಾಸಕ್ಕೆ ಹಾಕುತ್ತೇನೆ, ಇದರಿಂದ ಏನೂ ಕೆಟ್ಟದ್ದಂತೂ ನೋಡಿಲ್ಲ.

ಆಮೇಲೆ: ಸೆಟಪ್, ಸ್ಪೇಸ್, ಸ್ಲ್ಯಾಶ್ ಡೌನ್‌ಲೋಡ್, ಸ್ಪೇಸ್, ನಿಮ್ಮ ಎಕ್ಸ್‌ಎಂಎಲ್ ಫೈಲ್ ಹೆಸರು. ಪರದೆ ಮೇಲೆ ಏನೂ ಕಾಣುವುದಿಲ್ಲ, ಕರ್ಸರ್ ಸುಮ್ನೆ ಮಿನುಗುತ್ತಾ ಕೂತಿರುತ್ತದೆ. ಹ್ಯಾಂಗ್ ಆಯಿತು ಅಂತ ಮುಚ್ಚಬೇಡಿ, ಕೆಲವು ಜಿಬಿ ಇಳಿಯಬೇಕು, ಕಾಯಿರಿ. ಫೋಲ್ಡರ್ ಒಳಗೆ ಆಫೀಸ್ ಅಂತ ಇನ್ನೊಂದು ಫೋಲ್ಡರ್ ಹುಟ್ಟಿ ದಪ್ಪ ಆಗುತ್ತಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ.

ಮುಗಿದ ಮೇಲೆ: ಸೆಟಪ್, ಸ್ಲ್ಯಾಶ್ ಕಾನ್ಫಿಗರ್, ಅದೇ ಫೈಲ್ ಹೆಸರು. ಕೊನೆಗೆ ಚೇಂಜ್ ಯೂಸರ್ ಸ್ಲ್ಯಾಶ್ ಎಕ್ಸಿಕ್ಯೂಟ್. ಎರಡನೇ ಸರ್ವರ್‌ನಲ್ಲೂ ಡೌನ್‌ಲೋಡ್ ಬಿಟ್ಟು ಉಳಿದದ್ದೆಲ್ಲ ಇದೇ.

ಸರಿಯಾಯಿತೋ ಇಲ್ಲವೋ ನೋಡಲು ಅಡ್ಮಿನ್ ಆಗಿ ಅಲ್ಲ, ಒಬ್ಬ ಸಾಮಾನ್ಯ ಬಳಕೆದಾರರ ಹೆಸರಲ್ಲಿ ಒಳಗೆ ಹೋಗಿ. ವರ್ಡ್ ತೆರೆದರೆ ಸೈನ್ ಇನ್ ಕೇಳುತ್ತದೆ. ಪ್ರತಿಯೊಬ್ಬರೂ ಅವರವರ ಐಡಿಯಲ್ಲೇ ಮಾಡಬೇಕು, ಎಲ್ಲರಿಗೂ ಸಾಹೇಬ್ರ ಐಡಿ ಹಾಕಿಕೊಡುವ ಕೆಲಸ ಬೇಡ. ಆಮೇಲೆ ಆ ಬಳಕೆದಾರರ ಆಪ್‌ಡೇಟಾದ ಲೋಕಲ್ ಫೋಲ್ಡರ್, ಅದರೊಳಗೆ ಮೈಕ್ರೋಸಾಫ್ಟ್, ಆಫೀಸ್, 16.0, ಲೈಸೆನ್ಸಿಂಗ್, ಇಲ್ಲಿಗೆ ಹೋಗಿ. ಒಳಗೆ ಫೈಲ್‌ಗಳು ಕಂಡರೆ ಗೆದ್ದಿರಿ. ಅದೇ ಟೋಕನ್, ಅಂದರೆ ಆ ಬಳಕೆದಾರರಿಗೆ ಲೈಸೆನ್ಸ್ ಇದೆ ಅನ್ನುವ ಗುರುತು. ಫೋಲ್ಡರ್ ಖಾಲಿ ಇದ್ದರೆ ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಆಫೀಸ್, ಕ್ಲಿಕ್‌ಟುರನ್, ಕಾನ್ಫಿಗರೇಶನ್ ಅನ್ನುವಲ್ಲಿ ಶೇರ್ಡ್‌ಕಂಪ್ಯೂಟರ್‌ಲೈಸೆನ್ಸಿಂಗ್ 1 ಇದೆಯಾ ನೋಡಿ. ಇಲ್ಲದಿದ್ದರೆ ಸ್ಟ್ರಿಂಗ್ ವ್ಯಾಲ್ಯೂ ಆಗಿ 1 ಹಾಕಬಹುದು, ಇಡೀ ಆಫೀಸ್ ತೆಗೆದು ಹಾಕಬೇಕಾಗಿಲ್ಲ.

ಈ ರೀತಿಯ ಆಕ್ಟಿವೇಶನ್ ಒಬ್ಬರಿಗೆ ಐದು ಪಿಸಿ ಅನ್ನುವ ಮಾಮೂಲಿ ಲೆಕ್ಕಕ್ಕೆ ಬರುವುದಿಲ್ಲ. ಅವರ ಮನೆಯ ಲ್ಯಾಪ್‌ಟಾಪ್‌ಗೆ ತೊಂದರೆ ಇಲ್ಲ.

ಟೋಕನ್ ಕಳೆದುಹೋಗದ ಹಾಗೆ ಪ್ರೊಫೈಲ್

ಆ ಟೋಕನ್‌ಗೆ ಆಯಸ್ಸು 30 ದಿನ. ಮುಗಿಯುವ ಮುಂಚೆ, ಆ ಬಳಕೆದಾರರು ಲಾಗಿನ್ ಆಗಿದ್ದು ಇಂಟರ್ನೆಟ್ ಇದ್ದರೆ, ತಾನಾಗಿ ಹೊಸದಾಗುತ್ತದೆ. ಫೈರ್‌ವಾಲ್‌ನಲ್ಲಿ ಮೈಕ್ರೋಸಾಫ್ಟ್‌ನ ಲೈಸೆನ್ಸ್ ಸರ್ವರ್‌ಗಳನ್ನು ತಡೆದಿದ್ದರೆ ಹೊಸದಾಗುವುದಿಲ್ಲ, ಆಗ ಆಫೀಸ್ ತೆರೆಯುತ್ತದೆ, ಓದಲು ಮತ್ತು ಪ್ರಿಂಟ್ ತೆಗೆಯಲು ಬಿಡುತ್ತದೆ, ಆದರೆ ತಿದ್ದಲು ಬಿಡುವುದಿಲ್ಲ.

ಒಂದೇ ಸರ್ವರ್ ಇದ್ದರೆ ಇಷ್ಟು ಸಾಕಾದೀತು. ಎರಡಿದ್ದಾಗ ಏನಾಗುತ್ತದೆ ನೋಡಿ. ಅಕೌಂಟ್ಸ್ ಮೇಡಂ ಇವತ್ತು ಮೊದಲನೇ ಸರ್ವರ್‌ಗೆ ಹೋಗುತ್ತಾರೆ, ಸೈನ್ ಇನ್ ಮಾಡುತ್ತಾರೆ, ಟೋಕನ್ ಅಲ್ಲಿ ಕೂರುತ್ತದೆ. ನಾಳೆ ಅವರು ಎರಡನೇ ಸರ್ವರ್‌ಗೆ ಹೋಗುತ್ತಾರೆ. ಅಲ್ಲಿ ಟೋಕನ್ ಇಲ್ಲ, ಮತ್ತೆ ಸೈನ್ ಇನ್. ಔಟ್‌ಲುಕ್ ಮತ್ತೆ ಮೊದಲಿಂದ ಸೆಟ್ ಆಗಬೇಕು. ಡೆಸ್ಕ್‌ಟಾಪ್ ಮೇಲಿಟ್ಟ ಫೈಲ್ ಇಲ್ಲ. "ನನ್ನ ಫೈಲ್ ಯಾರೋ ಡಿಲೀಟ್ ಮಾಡಿದಾರೆ" ಅಂತ ಶುರುವಾಗುತ್ತದೆ, ಪಕ್ಕದವರ ಮೇಲೆ ಅನುಮಾನ ಬೇರೆ.

ಇದಕ್ಕೆ ಎಫ್‌ಎಸ್‌ಲಾಜಿಕ್ಸ್ ಬಳಸಿ. 2018ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡ ಸಾಧನ ಇದು, ಆರ್‌ಡಿಎಸ್ ಕ್ಯಾಲ್ ಇದ್ದವರಿಗೆ ಬೇರೆ ದುಡ್ಡಿಲ್ಲ. ಪ್ರತಿಯೊಬ್ಬರ ಪ್ರೊಫೈಲನ್ನೂ ಒಂದೊಂದು ಡಿಸ್ಕ್ ಫೈಲ್ ಆಗಿ ಮಾಡಿ ಫೈಲ್ ಸರ್ವರ್‌ನಲ್ಲಿಡುತ್ತದೆ. ಮೇಡಂ ಯಾವ ಸರ್ವರ್‌ಗೆ ಹೋದರೂ ಲಾಗಿನ್ ಆಗುವಾಗ ಅವರ ಡಿಸ್ಕ್ ಅಲ್ಲಿಗೆ ಬಂದು ಜೋಡಿಕೊಳ್ಳುತ್ತದೆ. ಊಟದ ಡಬ್ಬಿ ತಮ್ಮ ಜೊತೆಗೇ ತಗೊಂಡು ಓಡಾಡಿದ ಹಾಗೆ.

ಮಾಡುವ ಕ್ರಮ ಇಷ್ಟು. ಫೈಲ್ ಸರ್ವರ್‌ನಲ್ಲಿ ಒಂದು ಶೇರ್ ಮಾಡಿ, ಸೆಷನ್ ಹೋಸ್ಟ್ ಮೇಲೆ ಬೇಡ. ಅನುಮತಿ ಕೊಡುವಾಗ ಬಳಕೆದಾರರಿಗೆ ಆ ಫೋಲ್ಡರ್‌ಗೆ ಮಾತ್ರ ಮಾಡಿಫೈ, ಒಳಗಿನವುಗಳಿಗೆ ಬೇಡ. ಕ್ರಿಯೇಟರ್ ಓನರ್‌ಗೆ ಒಳಗಿನ ಫೋಲ್ಡರ್ ಮತ್ತು ಫೈಲ್‌ಗಳಿಗೆ ಮಾತ್ರ ಮಾಡಿಫೈ. ಅಡ್ಮಿನ್‌ಗೆ ಪೂರ್ತಿ. ಹೀಗೆ ಮಾಡಿದರೆ ಒಬ್ಬರ ಡಿಸ್ಕನ್ನು ಇನ್ನೊಬ್ಬರು ನೋಡಲು ಆಗುವುದಿಲ್ಲ. ಎರಡೂ ಸರ್ವರ್‌ಗಳಲ್ಲಿ ಎಫ್‌ಎಸ್‌ಲಾಜಿಕ್ಸ್ ಹಾಕಿ, ರಿಜಿಸ್ಟ್ರಿಯ ಎಚ್‌ಕೆಎಲ್‌ಎಂ, ಸಾಫ್ಟ್‌ವೇರ್, ಎಫ್‌ಎಸ್‌ಲಾಜಿಕ್ಸ್, ಪ್ರೊಫೈಲ್ಸ್ ಕೆಳಗೆ ಎನೇಬಲ್ಡ್ 1 ಮಾಡಿ, ವಿಎಚ್‌ಡಿಲೊಕೇಶನ್ಸ್‌ನಲ್ಲಿ ಆ ಶೇರ್‌ನ ಹಾದಿ ಕೊಡಿ. ಫ್ಲಿಪ್‌ಫ್ಲಾಪ್ ಪ್ರೊಫೈಲ್ ಡೈರೆಕ್ಟರಿ ನೇಮ್ ಅನ್ನುವುದನ್ನೂ 1 ಮಾಡಿ. ಇಲ್ಲದಿದ್ದರೆ ಪ್ರತಿ ಫೋಲ್ಡರ್ ಹೆಸರೂ ಎಸ್ಐಡಿ ಅನ್ನುವ, ವಿಂಡೋಸ್ ಅಕೌಂಟನ್ನು ಗುರುತಿಸುವ ಉದ್ದದ ನಂಬರ್‌ನಿಂದ ಶುರುವಾಗುತ್ತದೆ, ನಲವತ್ತರಲ್ಲಿ ಮೇಡಂದು ಯಾವುದು ಅಂತ ಹುಡುಕುವಷ್ಟರಲ್ಲಿ ಸಾಕಾಗುತ್ತದೆ.

ಒಬ್ಬರ ಡಿಸ್ಕ್ ಗರಿಷ್ಠ 30,000 ಎಂಬಿ ಅಂತ ಮೊದಲೇ ಇರುತ್ತದೆ. ಬಳಸಿದಷ್ಟು ಬೆಳೆಯುತ್ತದೆ, ಮೊದಲ ದಿನವೇ ಅಷ್ಟೂ ಜಾಗ ಹಿಡಿಯುವುದಿಲ್ಲ. ಹಾಗಂತ ನಲವತ್ತು ಜನಕ್ಕೆ 200 ಜಿಬಿ ಡ್ರೈವ್ ಇಟ್ಟು ಮಲಗಬೇಡಿ. ಆ ಡ್ರೈವ್ ತುಂಬಿದ ದಿನ ಎಲ್ಲರ ಪ್ರೊಫೈಲೂ ಒಟ್ಟಿಗೆ ಕೈಕೊಡುತ್ತದೆ. ಆಂಟಿವೈರಸ್‌ನಲ್ಲಿ ವಿಎಚ್‌ಡಿ, ವಿಎಚ್‌ಡಿಎಕ್ಸ್ ಫೈಲ್‌ಗಳನ್ನು (ಆ ಪ್ರೊಫೈಲ್ ಡಿಸ್ಕ್‌ಗಳು ಇವೇ) ಬಿಟ್ಟುಬಿಡಲು ಹೇಳಿ, ಇಲ್ಲದಿದ್ದರೆ ಬೆಳಿಗ್ಗೆ ಲಾಗಿನ್‌ಗೆ ಕಾಫಿ ಕುಡಿದು ಬರುವಷ್ಟು ಹೊತ್ತು. ಎಫ್‌ಎಸ್‌ಲಾಜಿಕ್ಸ್ ಪ್ರೊಫೈಲ್ ಎಕ್ಸ್‌ಕ್ಲೂಡ್ ಲಿಸ್ಟ್ ಅನ್ನುವ ಲೋಕಲ್ ಗ್ರೂಪ್ ಹುಟ್ಟಿರುತ್ತದೆ, ನಿಮ್ಮ ಅಡ್ಮಿನ್ ಅಕೌಂಟನ್ನು ಅದಕ್ಕೆ ಸೇರಿಸಿ. ಫೈಲ್ ಸರ್ವರ್ ಬಿದ್ದರೂ ನೀವಾದರೂ ಒಳಗೆ ಹೋಗಬೇಕಲ್ಲ.

ಒಂದು ಎಚ್ಚರಿಕೆ. ಸರ್ವರ್‌ನಲ್ಲಿ ಆಗಲೇ ಮೇಡಂ ಹೆಸರಿನ ಹಳೆಯ ಲೋಕಲ್ ಪ್ರೊಫೈಲ್ ಇದ್ದರೆ ಡಿಸ್ಕ್ ಜೋಡಿಕೊಳ್ಳುವುದಿಲ್ಲ. ಹಳೆಯದನ್ನು ಅಳಿಸಿ ಹೊಸದು ಹಾಕುವ ಸೆಟ್ಟಿಂಗ್ ಇದೆ, ಆದರೆ ಅದು ಕೇಳದೆ ಅಳಿಸುತ್ತದೆ. ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಕಾಪಿ ಮಾಡಿಟ್ಟುಕೊಳ್ಳಿ.

ಇನ್ನು ಲಾಗ್ ಆಫ್ ವಿಷಯ. ನಮ್ಮ ಜನ ಸಂಜೆ ಹೊರಡುವಾಗ ಮೇಲಿನ ಎಕ್ಸ್ ಒತ್ತಿ ಹೋಗುತ್ತಾರೆ. ಅದು ಲಾಗ್ ಆಫ್ ಅಲ್ಲ, ಸೆಷನ್ ಸರ್ವರ್‌ನಲ್ಲಿ ಬದುಕೇ ಇರುತ್ತದೆ, ಎಕ್ಸೆಲ್ ತೆರೆದೇ ಇರುತ್ತದೆ. ಒಂದು ಸಲ ಹೀಗೇ ಆಯಿತು. ಮೇಡಂ ಬೆಳಿಗ್ಗೆ ಬಂದು ಸ್ಟಾಕ್ ಫೈಲ್ ತೆರೆದರೆ, ಈ ಫೈಲ್ ಬೇರೆಯವರು ತಿದ್ದುತ್ತಿದ್ದಾರೆ, ಲಾಕ್ ಆಗಿದೆ ಅಂತ ಬಂತು. ಯಾರು ಅಂತ ಹೆಸರು ನೋಡಿದರೆ ಅವರದ್ದೇ ಹೆಸರು! ಹಿಂದಿನ ದಿನದ ಸೆಷನ್ ಒಂದನೇ ಸರ್ವರ್‌ನಲ್ಲಿ ಬದುಕಿತ್ತು, ಇವತ್ತು ಅವರು ಎರಡನೆಯದರಲ್ಲಿದ್ದರು. ಆಗ ಅಲ್ಲಿ ಎಫ್‌ಎಸ್‌ಲಾಜಿಕ್ಸ್ ಇರಲಿಲ್ಲ. ಇದ್ದಿದ್ದರೆ ಇನ್ನೂ ಕಷ್ಟ, ಡಿಸ್ಕ್ ಒಂದನೆಯದರಲ್ಲಿ ಸಿಕ್ಕಿಕೊಂಡಿರುವುದರಿಂದ ಎರಡನೆಯದರಲ್ಲಿ ಪ್ರೊಫೈಲೇ ಸರಿಯಾಗಿ ಬರುತ್ತಿರಲಿಲ್ಲ. ಎರಡು ಸರ್ವರ್ ಇಟ್ಟರೆ ಕನೆಕ್ಷನ್ ಬ್ರೋಕರ್ ಇಡಲೇಬೇಕು, ಅದು ಅವರನ್ನು ಹಳೆಯ ಸೆಷನ್‌ಗೇ ವಾಪಸ್ ಕರೆದುಕೊಂಡು ಹೋಗುತ್ತದೆ. ಜೊತೆಗೆ ಗ್ರೂಪ್ ಪಾಲಿಸಿಯಲ್ಲಿ (ಎಲ್ಲರ ಸೆಟ್ಟಿಂಗ್ ಒಂದೇ ಕಡೆಯಿಂದ ಹಾಕುವ ವ್ಯವಸ್ಥೆ) ಡಿಸ್‌ಕನೆಕ್ಟ್ ಆದ ಸೆಷನ್ ಎರಡು ಗಂಟೆ ಕಳೆದ ಮೇಲೆ ಮುಗಿಯಲಿ ಅಂತ ಹಾಕಿ. ಹಾಕುವ ಮುಂಚೆ ಎಲ್ಲರಿಗೂ ಹೇಳಿ, ಸೇವ್ ಮಾಡದವರ ಫೈಲ್ ಹೋದರೆ ನಿಮ್ಮನ್ನೇ ಹಿಡಿಯುತ್ತಾರೆ.

ಚಿಕ್ಕಪುಟ್ಟ ಸೆಟ್ಟಿಂಗ್

ಆಫೀಸ್‌ನ ಗ್ರೂಪ್ ಪಾಲಿಸಿ ಟೆಂಪ್ಲೇಟ್‌ಗಳನ್ನು ಇಳಿಸಿಕೊಂಡರೆ ಇವನ್ನೆಲ್ಲ ಒಂದೇ ಕಡೆಯಿಂದ ಮಾಡಬಹುದು. ಹಾರ್ಡ್‌ವೇರ್ ಗ್ರಾಫಿಕ್ಸ್ ಆಕ್ಸಲರೇಶನ್ ಆಫ್ ಮಾಡಿ, ಸರ್ವರ್‌ನಲ್ಲಿ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡೇ ಇರುವುದಿಲ್ಲ. ಔಟ್‌ಲುಕ್‌ನಲ್ಲಿ ಕ್ಯಾಶ್ ಮಾಡುವ, ಅಂದರೆ ಪ್ರೊಫೈಲ್‌ನಲ್ಲೇ ಕಾಪಿ ಇಟ್ಟುಕೊಳ್ಳುವ ಮೇಲ್ ಒಂದು ತಿಂಗಳದ್ದು ಸಾಕು, ಹಳೆಯದೆಲ್ಲ ಮೇಲ್ ಸರ್ವರ್‌ನಿಂದ ಬರಲಿ, ಪ್ರೊಫೈಲ್ ಡಿಸ್ಕ್ ಊದಿಕೊಳ್ಳುವುದು ಇದರಿಂದಲೇ. ಎಕ್ಸೆಲ್ ತೆರೆಯಲು ನಿಧಾನ ಅಂತ ದೂರು ಬಂದರೆ ಎಕ್ಸೆಲ್ ಬಿಟ್ಟು ಪ್ರಿಂಟರ್ ಪಟ್ಟಿ ನೋಡಿ. ಪ್ರತಿ ಪಿಸಿಯಿಂದಲೂ ನಾಲ್ಕೈದು ಪ್ರಿಂಟರ್ ಸೆಷನ್ ಒಳಗೆ ಬಂದಿರುತ್ತವೆ, ಅದರಲ್ಲಿ ಎರಡು ಎಂದೋ ಕೆಟ್ಟುಹೋದವು. ಡಿಫಾಲ್ಟ್ ಪ್ರಿಂಟರ್ ಒಂದೇ ಬರಲಿ ಅನ್ನುವ ಪಾಲಿಸಿ ಇದೆ.

ಕನ್ನಡ

ಇದನ್ನು ಯಾರೂ ಬರೆಯುವುದಿಲ್ಲ, ಆದರೆ ನಮ್ಮ ಕಡೆ ಮೊದಲ ದಿನದ ದೂರೇ ಇದು. ಹಳೆಯ ಪತ್ರ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿಕೊಂಡು ಬಂದಿದೆ ಅಂತ.

ಅದು ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರ. ಯೂನಿಕೋಡ್ ಅಲ್ಲ, ಹಾಗಾಗಿ ಅದೇ ಫಾಂಟ್ ಇಲ್ಲದೆ ಓದಲು ಬರುವುದಿಲ್ಲ. ಫಾಂಟ್ ಅವರ ಪಿಸಿಯಲ್ಲಿ ಇದ್ದರೆ ಪ್ರಯೋಜನ ಇಲ್ಲ, ವರ್ಡ್ ಓಡುತ್ತಿರುವುದು ಸರ್ವರ್‌ನಲ್ಲಿ, ಫಾಂಟೂ ಅಲ್ಲೇ ಇರಬೇಕು. ಇಲ್ಲಿ ಎಡವುವ ಜಾಗ ಒಂದಿದೆ. ಫಾಂಟ್ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಅಂದರೆ ಈಗಿನ ವಿಂಡೋಸ್‌ನಲ್ಲಿ ಅದು ನಿಮ್ಮೊಬ್ಬರಿಗೇ ಹಾಕಿಕೊಳ್ಳುತ್ತದೆ. ನಿಮಗೆ ಪತ್ರ ಚೆನ್ನಾಗಿ ಕಾಣುತ್ತದೆ, ಮೇಡಂಗೆ ಕಾಣುವುದಿಲ್ಲ, ಇಬ್ಬರೂ ಫೋನಿನಲ್ಲಿ ವಾದ ಮಾಡುತ್ತೀರಿ. ಅದರ ಕೆಳಗಿನ ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್ ಅನ್ನುವುದನ್ನೇ ಒತ್ತಬೇಕು, ಎರಡೂ ಸರ್ವರ್‌ನಲ್ಲಿ.

ತುಂಗಾ ಫಾಂಟ್‌ನಲ್ಲಿ ಮಾಡಿದ ಪತ್ರಗಳೂ ಸಾಲು, ಪುಟ ಬದಲಾಗಿ ಕಾಣಬಹುದು. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಬೇರೆ ಹಾಕಿಕೊಳ್ಳಬೇಕು. ಅದಿಲ್ಲದಿದ್ದಾಗ ನಿರ್ಮಲ ಯುಐ ಬಂದು ಕೂರುತ್ತದೆ. ಅಕ್ಷರ ಸರಿಯಾಗೇ ಇರುತ್ತದೆ, ಅಳತೆ ಬೇರೆ, ಒಂದು ಪುಟದ ನೋಟಿಸ್ ಎರಡನೇ ಪುಟಕ್ಕೆ ಎರಡು ಸಾಲು ಜಾರುತ್ತದೆ.

ಟೈಪ್ ಮಾಡುವ ಕೀಬೋರ್ಡನ್ನೂ ಸರ್ವರ್‌ನಲ್ಲೇ ಸೇರಿಸಿ. ವಿಂಡೋಸ್‌ನದೇ ಕನ್ನಡ ಕೀಬೋರ್ಡ್ ಆದರೆ ತೊಂದರೆ ಕಡಿಮೆ. ಇನ್ನೊಂದು, ಸೆಷನ್ ತೆರೆದಾಗ ಅವರ ಪಿಸಿಯ ಕೀಬೋರ್ಡ್ ಲೇಔಟ್ ಸರ್ವರ್‌ಗೂ ಬಂದು ಪಟ್ಟಿಯಲ್ಲಿ ಸೇರಿಕೊಳ್ಳುತ್ತದೆ. ಭಾಷೆ ಬದಲಾಯಿಸಲು ಹೋದರೆ ಎರಡು ಇಂಗ್ಲಿಷ್, ನಡುವೆ ಕನ್ನಡ ಎಲ್ಲೋ. ರಿಜಿಸ್ಟ್ರಿಯಲ್ಲಿ ಎಚ್‌ಕೆಎಲ್‌ಎಂ, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕೀಬೋರ್ಡ್ ಲೇಔಟ್ ಕೆಳಗೆ ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್ ಅನ್ನುವ ಡಿವರ್ಡ್ ವ್ಯಾಲ್ಯೂ ಮಾಡಿ 1 ಕೊಟ್ಟರೆ ಇದು ನಿಲ್ಲುತ್ತದೆ. ಹೆಸರಿನಲ್ಲಿ ನಡುವೆ ಸ್ಪೇಸ್ ಇಲ್ಲ, ಎಲ್ಲ ಸೇರಿಸಿ ಬರೆಯಬೇಕು.

ಅಪ್‌ಡೇಟ್

ಆಟೋಮ್ಯಾಟಿಕ್ ಬೇಡ ಅಂದದ್ದು ಯಾಕೆ ಅಂದರೆ, ಹಂಚಿಕೊಳ್ಳುವ ಸರ್ವರ್‌ನಲ್ಲಿ ಯಾವಾಗಲೂ ಯಾರಾದರೂ ವರ್ಡ್ ತೆರೆದಿಟ್ಟಿರುತ್ತಾರೆ. ಅಪ್‌ಡೇಟ್ ಬಂದು ಕಾಯುತ್ತದೆ, ಆಮೇಲೆ ಎಲ್ಲ ಮುಚ್ಚಿ ಅಂತ ಒಬ್ಬರ ಪರದೆ ಮೇಲೆ ಕೇಳುತ್ತದೆ, ಅವರು ಸರಿ ಅನ್ನುತ್ತಾರೆ. ಮತ್ತೆ ಎರಡು ಸರ್ವರ್‌ನಲ್ಲಿ ಎರಡು ವರ್ಷನ್ ಆಗಿಬಿಡುತ್ತದೆ. ಹಾಗಂತ ಆಫ್ ಮಾಡಿ ವರ್ಷಗಟ್ಟಲೆ ಮರೆಯುವಂತಿಲ್ಲ, ಸೆಕ್ಯೂರಿಟಿ ಪ್ಯಾಚ್ ಎಲ್ಲ ಇದರಲ್ಲೇ ಬರುತ್ತದೆ.

ನಾನು ಮಾಡುವುದು ಹೀಗೆ. ಎರಡನೇ ಮಂಗಳವಾರ ಆದ ಮೇಲೆ ಬರುವ ಶನಿವಾರ, ಮೊದಲು ಅದೇ ಫೋಲ್ಡರ್‌ನಲ್ಲಿ ಡೌನ್‌ಲೋಡ್ ಕಮಾಂಡ್ ಮತ್ತೆ ಕೊಡುತ್ತೇನೆ, ಹೊಸ ವರ್ಷನ್ ಇಳಿಯುತ್ತದೆ. ಒಂದನೇ ಸರ್ವರ್‌ನಲ್ಲಿ ಚೇಂಜ್ ಲಾಗಾನ್, ಸ್ಪೇಸ್, ಸ್ಲ್ಯಾಶ್ ಡ್ರೈನ್. ಇನ್ನು ಹೊಸಬರು ಯಾರೂ ಅಲ್ಲಿಗೆ ಬರುವುದಿಲ್ಲ, ಇರುವವರು ಕೆಲಸ ಮುಗಿಸಬಹುದು. ಕ್ವೆರಿ ಯೂಸರ್ ಅಂತ ಕೊಟ್ಟರೆ ಯಾರು ಉಳಿದಿದ್ದಾರೆ ಅಂತ ಕಾಣುತ್ತದೆ, ಫೋನ್ ಮಾಡಿ ಹೊರಗೆ ಬರಲು ಹೇಳುತ್ತೇನೆ. ಖಾಲಿ ಆದ ಮೇಲೆ ಕಾನ್ಫಿಗರ್ ಕಮಾಂಡ್, ಒಂದು ರೀಸ್ಟಾರ್ಟ್. ನಂತರ ಪರೀಕ್ಷೆಗೆ ಅಂತಲೇ ಇಟ್ಟುಕೊಂಡ ಮೂರು ಫೈಲ್ ತೆರೆಯುತ್ತೇನೆ: ಆಫೀಸಿನ ಅತಿ ದೊಡ್ಡ ಎಕ್ಸೆಲ್, ಮ್ಯಾಕ್ರೋ ಇರುವ ಒಂದು, ನುಡಿ ಫಾಂಟಿನ ಒಂದು ಹಳೆಯ ಪತ್ರ. ಒಂದು ಪ್ರಿಂಟ್ ತೆಗೆದು ನೋಡುತ್ತೇನೆ. ಸರಿ ಇದ್ದರೆ ಚೇಂಜ್ ಲಾಗಾನ್ ಸ್ಲ್ಯಾಶ್ ಎನೇಬಲ್ ಕೊಟ್ಟು, ಎರಡನೇ ಸರ್ವರ್ ಅನ್ನು ಬುಧವಾರದವರೆಗೆ ಮುಟ್ಟುವುದಿಲ್ಲ. ಮಧ್ಯೆ ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳುವ ಪ್ರಶ್ನೆ ಒಂದೇ: "ಮೇಡಂ, ನೀವೀಗ ಯಾವ ಸರ್ವರ್‌ನಲ್ಲಿದ್ದೀರಿ?"